ಕಟ್ಟುವುದಕ್ಕಿಂತ ಕಾಯುವುದು ಮೇಲು

ರೈತನ ಬೆಳೆ ಸಂತೆಯನ್ನು ಸೇರುವುದಕ್ಕೂ ರೋಗಿ ಆಸ್ಪತ್ರೆಯನ್ನು ಮುಟ್ಟುವುದಕ್ಕೂ ರಸ್ತೆ, ಸೇತುವೆಗಳೇ ಆಧಾರ. ಇವುಗಳ ಹೊಣೆ ಹೊತ್ತ ಲೋಕೋಪಯೋಗಿ ಇಲಾಖೆ ಭಾರತದಲ್ಲಿ 1854ರಲ್ಲಿ, ಡಾಲ್‌ಹೌಸಿಯ ಆಡಳಿತಕಾಲದಲ್ಲಿ ಸ್ಥಾಪಿತವಾಯಿತು. ಅಂದಿನಂತೆ ಇಂದೂ ಇಲಾಖೆಯ ಮುಂದಿರುವ ಕೆಲಸಗಳು ನೂರಾರು. ಹಣ ಮಾತ್ರ ಮಿತವಾದುದು. ಆದುದರಿಂದ ಯಾವುದು ಮೊದಲು, ಯಾವುದು ಅನಂತರ ಎಂಬ ವಿವೇಚನೆ ಅನಿವಾರ್ಯ.

ಹೊಸದನ್ನು ಕಟ್ಟುವುದೇ ಪ್ರಗತಿಯೆಂಬ ಭಾವನೆ ಜನರಲ್ಲಿ ಬೇರೂರಿದೆ. ಹೊಸ ಸೇತುವೆಗೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು, ಹೆಸರು ಕೊರೆದ ಕಲ್ಲುಂಟು. ಚರಂಡಿಯ ಹೂಳೆತ್ತಿದವನಿಗೆ ಹಾರ ಹಾಕುವವರಿಲ್ಲ. ಆದರೆ ರಸ್ತೆಯ ಆಯುಸ್ಸು ಅಡಗಿರುವುದು ಆ ಚರಂಡಿಯಲ್ಲಿಯೇ. ಅದು ಮುಚ್ಚಿಹೋದರೆ ಮಳೆಯ ನೀರು ರಸ್ತೆಯ ಮೇಲೆ ನಿಲ್ಲುತ್ತದೆ; ಡಾಮರಿನ ಬಿರುಕುಗಳಲ್ಲಿ ಇಳಿದು ತಳದ ಜಲ್ಲಿಯನ್ನೂ ಮಣ್ಣನ್ನೂ ಸಡಿಲಿಸುತ್ತದೆ; ಭಾರದ ಲಾರಿಗಳು ಹಾಯ್ದಾಗ ಗುಂಡಿ ಬೀಳುತ್ತದೆ. ಸೇತುವೆಯ ಪಾಡೂ ಇದೇ. ಕಾಂಕ್ರೀಟಿನೊಳಕ್ಕೆ ನೀರು ಇಳಿದರೆ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬುತ್ತವೆ. ಉಬ್ಬಿದ ಸರಳು ಕಾಂಕ್ರೀಟನ್ನೇ ಒಡೆಯುತ್ತದೆ.

ಗುಜರಾತಿನಲ್ಲಿ ಮಹೀ ನದಿಯ ಮೇಲಿನ ಗಂಭೀರಾ ಸೇತುವೆ 1985ರಲ್ಲಿ ಸಂಚಾರಕ್ಕೆ ತೆರೆಯಿತು. 2025ರ ಜುಲೈ 9ರ ಬೆಳಗ್ಗೆ ಅದರ ಒಂದು ಭಾಗ ಕುಸಿದು, ವಾಹನಗಳು ನದಿಗೆ ಉರುಳಿ, ಸುಮಾರು 20 ಜನ ಪ್ರಾಣ ಕಳೆದುಕೊಂಡರು. ಆಮೇಲೆ ಆ ರಾಜ್ಯದ ಇತರ ಸೇತುವೆಗಳ ತಪಾಸಣೆ ನಡೆಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದು.

ಇದ್ದುದನ್ನು ಉಳಿಸಿಕೊಂಡು ಬಳಸುವುದು ಜಾಣತನಕ್ಕೆ ಕಡಿಮೆಯಾದ ಕೆಲಸವಲ್ಲ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. 1903ರಲ್ಲಿ ಹೀಗೆ ಹಳೆಯ ಅಣೆಕಟ್ಟಿನಲ್ಲಿಯೇ ಹೆಚ್ಚಿನ ನೀರು ನಿಂತಿತು.

ಹಾಗಾದರೆ ಹೊಸ ಕಾಮಗಾರಿ ಬೇಡವೇ? ಬೇಕು. ಮಲೆನಾಡಿನಲ್ಲಿ ತುಂಬಿ ಹರಿಯುವ ಹಳ್ಳವನ್ನು ಮರದ ಕಾಲುಸಂಕದ ಮೇಲೆ ದಾಟಿ ಶಾಲೆಗೆ ಹೋಗುವ ಮಕ್ಕಳು ಇಂದಿಗೂ ಇದ್ದಾರೆ. ಅಲ್ಲೊಂದು ಕಿರುಸೇತುವೆ ಕಟ್ಟುವುದು ಜೀವರಕ್ಷಣೆಯ ಕಾರ್ಯ. ಶಿಥಿಲವಾದುದರ ದುರಸ್ತಿ ಮತ್ತು ದಾರಿಯೇ ಇಲ್ಲದವರಿಗೆ ದಾರಿ, ಇವೆರಡೂ ಪ್ರಾಣಕ್ಕೆ ಸಂಬಂಧಿಸಿದವು. ಒಳ್ಳೆಯ ರಸ್ತೆಯನ್ನು ಇನ್ನಷ್ಟು ಅಗಲಿಸುವುದು, ಅಲಂಕರಿಸುವುದು ಅನುಕೂಲಕ್ಕೆ ಸಂಬಂಧಿಸಿದವು. ಪ್ರಾಣದ ಅನಂತರವೇ ಅನುಕೂಲ.

ಏನು ಕಟ್ಟಿದಿರಿ ಎಂದು ಸರ್ಕಾರವನ್ನು ಕೇಳುವ ಪ್ರಜೆಗಳು, ಕಟ್ಟಿದ್ದನ್ನು ಹೇಗೆ ಕಾಯ್ದುಕೊಂಡಿರಿ ಎಂದೂ ಕೇಳುವುದನ್ನು ಕಲಿಯಬೇಕು. ಮಳೆಗಾಲಕ್ಕೆ ಮುನ್ನ ಮನೆಯ ಹೆಂಚು ಕೈಯಾಡಿಸುವ ಗೃಹಸ್ಥನ ಎಚ್ಚರವೇ ಇಲಾಖೆಯ ಮೊದಲ ಧರ್ಮವಾಗಬೇಕು.