ದೆವ್ವ ಬೇಕು, ಸತ್ತವರು ಬೇಡ

ಅಕ್ಟೋಬರ್ ಕೊನೆ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಪಕ್ಷ ಏಳುತ್ತವೆ. ಒಂದು, "31ನೇ ತಾರೀಖು ಸಂಜೆ ಆರಕ್ಕೆ ಹ್ಯಾಲೋವೀನ್, ಮಕ್ಕಳಿಗೆ ಚಾಕೊಲೇಟ್ ಕೊಡೋರು ಫ್ಲ್ಯಾಟ್ ನಂಬರ್ ಹಾಕಿ" ಅನ್ನೋ ಪಕ್ಷ. ಇನ್ನೊಂದು, "ಇದು ನಮ್ಮ ಸಂಸ್ಕೃತಿಯಾ?" ಅಂತ ಫಾರ್ವರ್ಡ್ ಬಿಡೋ ಪಕ್ಷ. ನನಗೆ ಇಬ್ಬರ ಮೇಲೂ ತಕರಾರಿದೆ. ಎರಡನೆಯವರದ್ದು ಸುಲಭ, ಮೊದಲು ಮುಗಿಸಿಬಿಡ್ತೀನಿ.

ವೇಷ ಹಾಕಿ ಮನೆಮನೆಗೆ ಹೋಗೋದು ನಮ್ಮದಲ್ಲ ಅನ್ನುವವರು ನವರಾತ್ರಿಯಲ್ಲಿ ಮಂಗಳೂರಿಗೊಮ್ಮೆ ಹೋಗಿಬರಲಿ. ಮಾರ್ನೆಮಿಯ ಹುಲಿ, ಕರಡಿ ವೇಷಗಳು ಅಂಗಡಿ, ಮನೆ ಎನ್ನದೆ ಹತ್ತಿಳಿಯುತ್ತವೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಆರದಂತೆ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿಯೋ ಕಾಸೋ ಕೊಟ್ಟು ಕಳಿಸುತ್ತಾರೆ. ಇನ್ನು ಕುಂಬಳಕಾಯಿ! ಕಟ್ಟಡ ಏಳುವ ಕಡೆಯೆಲ್ಲ ಕೋರೆಹಲ್ಲಿನ ರಾಕ್ಷಸನ ಮುಖ ಬರೆದ ಬೂದುಗುಂಬಳ ನೇತಾಡುತ್ತದೆ. ಆಯುಧಪೂಜೆಗೆ ಅದರೊಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ನಡುರಸ್ತೆಗೆ ಒಡೆಯುತ್ತೇವೆ. (ಅದರ ಮೇಲೆ ಬೈಕಿನವರು ಜಾರಿ ಬೀಳೋದು ಬೇರೆಯದೇ ಸಂಪ್ರದಾಯ.) ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವವನ್ನೇ ಮುಂದೂಡಿದ ಊರಿದು. ನಮಗೆ ಯಾರೂ ದೆವ್ವ ಕಳಿಸಿಕೊಡಬೇಕಾಗಿಲ್ಲ.

ಈಗ ಮೊದಲ ಪಕ್ಷ. ಸ್ವಾಮಿ, ಹ್ಯಾಲೋವೀನ್ ಮಾಡಿ, ಯಾರು ಬೇಡ ಅಂದರು? ಆದರೆ ಪೂರ್ತಿ ಮಾಡಿ.

ಅದರ ಬೇರು ಐರ್ಲೆಂಡಿನ ಹಳೆಯ ಹಬ್ಬದಲ್ಲಿದೆ. ಆ ಹಬ್ಬದ ಹೆಸರನ್ನು ಹೆಚ್ಚುಕಮ್ಮಿ "ಸಾವಿನ್" ಅಂತಲೇ ಉಚ್ಚರಿಸುತ್ತಾರೆ, ಕನ್ನಡದ ಕಿವಿಗೆ ಇದಕ್ಕಿಂತ ಸರಿಯಾದ ಹೆಸರು ಸಿಗದು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆ ಅನ್ನೋದು ನಂಬಿಕೆ. ಆಮೇಲೆ ಚರ್ಚು ನವೆಂಬರ್ 1ನ್ನು ಸಂತರಿಗೆ, 2ನ್ನು ಎಲ್ಲ ಸತ್ತವರಿಗೆ ಕೊಟ್ಟಿತು. ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಿ, ಬದಲಿಗೆ ಸಣ್ಣ ಕೇಕು ಇಸಿದುಕೊಳ್ಳುತ್ತಿದ್ದರು. ನಿಮ್ಮ ಮಗು ಇಂದು ಪಡೆಯುವ ಚಾಕೊಲೇಟಿನ ಮುತ್ತಜ್ಜಿ ಆ ಕೇಕು, ಅಂದರೆ ಸತ್ತವರನ್ನು ನೆನೆದ ಕೂಲಿ. ನಮಗೆ ತಲುಪಿರೋದು ಬರೀ ರ‍್ಯಾಪರ್ರು. ಮೂವತ್ತೊಂದರಂದು ಲಾಬಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ತೂಗಿಸುವ ನಮಗೆ, ಎರಡೇ ದಿನ ಬಿಟ್ಟು ಇದೇ ಊರಿನ ಕ್ಯಾಥೋಲಿಕ್ ಮನೆಯವರು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚೋದು ಗೊತ್ತೇ ಇರಲ್ಲ.

ಅದಕ್ಕೂ ಮುಂಚೆ ನಮ್ಮದೇ ಒಂದು ಬಂದುಹೋಗಿರುತ್ತದೆ, ಮಹಾಲಯ ಅಮಾವಾಸ್ಯೆ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಹೊಸ ಬಟ್ಟೆ, ಬಾಳೆಲೆ, ಮುದ್ದೆ, ಮಟನ್ ಸಾರು, ತಾತ ಸೇದುತ್ತಿದ್ದ ಬೀಡಿ, ಪಕ್ಕದಲ್ಲೊಂದು ಕ್ವಾರ್ಟರ್. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲಬೇಕು. ಒಳಗೆ ಅವರು ಊಟ ಮಾಡ್ತಿದ್ದಾರೆ. ಬಾಗಿಲಿಗೆ ಕಿವಿ ಹಚ್ಚಿ ನಿಂತ ಮಗುವಿನ ಬೆನ್ನಲ್ಲಿ ಹರಿಯುವ ಆ ಚಳುಕನ್ನು ಯಾವ ಆನ್‌ಲೈನ್ ಅಂಗಡಿ ಮಾರುತ್ತದೆ?

ಈ ಎಡೆ ನಗರದಲ್ಲಿ ಸದ್ದಿಲ್ಲದೆ ಸಣ್ಣದಾಗಿದೆ. ಯಾಕೆ ಅಂತ ಎಲ್ಲರಿಗೂ ಗೊತ್ತು. ಬಾಡಿಗೆ ಮನೆಗೆ "ವೆಜ್ ಓನ್ಲಿ" ಷರತ್ತು, ಮಸಾಲೆಯ ವಾಸನೆ ಕಾರಿಡಾರಿಗೆ ಬಂದರೆ ಮೂಗು ಮುರಿಯುವ ನೆರೆಹೊರೆ. ಬೇರೆಯವರ ದೆವ್ವಕ್ಕೆ ಲಾಬಿಯಲ್ಲಿ ಜಾಗ ಇದೆ, ನಮ್ಮ ತಾತನ ಊಟಕ್ಕೆ ಅಡುಗೆಮನೆಯಲ್ಲೂ ಇಲ್ಲ. ಸಂಸ್ಕೃತಿ ಪಕ್ಷದವರು ಇದರ ಬಗ್ಗೆ ಒಂದು ಫಾರ್ವರ್ಡನ್ನೂ ಬಿಟ್ಟಿದ್ದು ನಾನು ಕಂಡಿಲ್ಲ.

ಮಕ್ಕಳು ಹೆದರುತ್ತಾರೆ ಅಂತೀರಿ. ರಕ್ತ ಸುರಿಯುವ ಮುಖವಾಡ ಕೊಡಿಸುವಾಗ ಈ ಚಿಂತೆ ಇರಲಿಲ್ಲ. ಸಾವು ಅಂದಾಗ ಮಾತ್ರ "ಅಜ್ಜಿ ಸ್ಟಾರ್ ಆಗಿದಾರೆ ಪುಟ್ಟಾ". 2021ರ ಏಪ್ರಿಲ್-ಮೇ ತಿಂಗಳಲ್ಲಿ ಈ ಊರಲ್ಲಿ ಎಷ್ಟು ಮನೆಯವರಿಗೆ ಮುಖ ನೋಡೋದಕ್ಕೂ ಆಗಲಿಲ್ಲ! ಯಾರೂ ಬಂದು ಒಯ್ಯದ ನೂರಾರು ಜನರ ಅಸ್ಥಿಯನ್ನು ಕೊನೆಗೆ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಆಗ ಅಂಬೆಗಾಲಿಡುತ್ತಿದ್ದ ಮಕ್ಕಳು ಈಗ ಮಾಟಗಾತಿಯ ಟೋಪಿ ಹಾಕಿಕೊಂಡು ನಿಮ್ಮ ಬೆಲ್ ಒತ್ತುತ್ತಿದ್ದಾರೆ. ತಮ್ಮ ಮನೆಯಲ್ಲೇ ಹೋದವರು ಯಾರು, ಹೇಗೆ ಹೋದರು ಅಂತ ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದೀರಾ?

ಹೇಳಿ. ಹ್ಯಾಲೋವೀನ್ ರಾತ್ರಿಯೇ ಹೇಳಿ, ಬೇಕಿದ್ದರೆ ಆ ಟೋಪಿ ತಲೆ ಮೇಲೇ ಇರಲಿ. ಲೈಟು ಆರಿಸಿ. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಗುಡಿಸಲು ಹಾಕಿಕೊಂಡವರ ಕತೆ ನಿಮ್ಮ ಅಮ್ಮನಿಗೋ ದೊಡ್ಡಮ್ಮನಿಗೋ ಗೊತ್ತಿರುತ್ತೆ, ಫೋನ್ ಮಾಡಿ ಕೇಳಿಕೊಳ್ಳಿ. ಮುಂದಿನ ಅಮಾವಾಸ್ಯೆಗೆ ಎಡೆ ಇಡಿ. ಬಿರಿಯಾನಿ ಇಷ್ಟಪಡುತ್ತಿದ್ದವರಿಗೆ ಬಿರಿಯಾನಿ, ಕಾಫಿಯವರಿಗೆ ಕಾಫಿ. ಹದಿನಾಲ್ಕನೇ ಮಹಡಿಗೆ ಕಾಗೆ ಬರಲ್ವಲ್ಲ ಅಂತೀರಾ? ಪಾರಿವಾಳ ಬರುತ್ತೆ ಬಿಡಿ. ನಮ್ಮ ಹಿರಿಯರೂ ಈ ಊರಲ್ಲಿ ಬದುಕಿದವರೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೋತಾರೆ.