ಉಸುಕು ಹೋದಮ್ಯಾಲ ಹೊಳಿ ಎಲ್ಲಿಂದ?

"ಹೊಳಿ ಉಸುಕು ಯಾರಪ್ಪನ ಗಂಟು? ಈ ವರ್ಷ ಒಯ್ದರ ಮುಂದಿನ ಮಳೆಗಾಲಕ್ಕ ಮತ್ತ ಬರ್ತದ." ಕಟ್ಟೆಯ ಮೇಲೆ ಕೂತು ಆಡುವ ಈ ಮಾತು ಸುಳ್ಳು. ಎಷ್ಟು ಸುಳ್ಳೆಂದು ತಿಳಿಯಲು ತಾಂಡೂರಿನ ಕಾಗಿಣಾ ಹೊಳೆಯನ್ನು ನೋಡಬೇಕು.

ಕಾಗಿಣಾ ದೊಡ್ಡ ನದಿಯಲ್ಲ. ತಾಂಡೂರು ದಾಟಿ, ಸೇಡಂ ಸೀಮೆ ಹೊಕ್ಕು, ಮಳಖೇಡದ ಕೋಟೆ ಬದಿಗೆ ಹರಿದು ಭೀಮೆಗೆ ಸೇರುತ್ತದೆ. ಮಳಖೇಡವೆಂದರೆ ನೃಪತುಂಗನ ಮಾನ್ಯಖೇಟ. 9ನೇ ಶತಮಾನದಲ್ಲಿ ಕನ್ನಡದ ರಾಜಧಾನಿ ಯಾವ ಹೊಳೆಯ ದಂಡೆಯಲ್ಲಿತ್ತೋ ಆ ಹೊಳೆಯನ್ನು ಇಂದು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುತ್ತಿದ್ದೇವೆ.

ಉಸುಕು ಬರೀ ಮನೆ ಕಟ್ಟುವ ಸಾಮಾನಲ್ಲ; ಅದು ಹೊಳೆಯ ಕೊಡ. ಮಳೆನೀರು ಅದರೊಳಗೆ ಇಂಗಿ ನಿಂತು ದಂಡೆಯ ಬಾವಿಗಳಿಗೆ ಜಿನುಗುತ್ತದೆ. ಬ್ಯಾಸಿಗ್ಯಾಗ ಹಿರಿಯರು ವರತೆ ತೋಡಿ ಕೊಡ ತುಂಬುತ್ತಿದ್ದುದು ಇದರಿಂದಲೇ. ಉಸುಕು ಎತ್ತಿದರೆ ಹೊಳೆಯ ತಳ ಇಳೀತದ. ಅದರ ಬೆನ್ನಿಗೆ ಬಾವಿಯ ನೀರೂ ಇಳೀತದ. ಗುಂಡಿಗೆ ಧುಮುಕಿದ ಪ್ರವಾಹ ಮೇಲ್ಗಡೆಯ ತಳವನ್ನು ಕೊರೆಯುತ್ತದೆ, ದಂಡೆ ಕುಸಿಯುತ್ತದೆ, ಸೇತುವೆ ಕಂಬದ ಬುಡ ಬಯಲಾಗುತ್ತದೆ. ಕಲ್ಲು ಸವೆದು ಉಸುಕಾಗಲು ಸಾವಿರಾರು ವರ್ಷ ಬೇಕು. ಜೆಸಿಬಿಗೆ ಒಂದು ರಾತ್ರಿ ಸಾಕು. ಪ್ರವಾಹ ತರುವಷ್ಟನ್ನೂ ಮೇಲಿನ ಒಡ್ಡುಗಳು ತಡೆಯುತ್ತವೆ. ಹಾಗಾದರೆ ಮತ್ತೆ ಬರುವುದು ಎಲ್ಲಿಂದ?

ಕಾನೂನು ಇಲ್ಲವೆಂದಲ್ಲ. ನೀರು, ಭೂಮಿ, ಗಿಡ ಕಾಯುವ 2002ರ ವಾಲ್ಟಾ ಕಾಯ್ದೆಯಲ್ಲಿ ಉಸುಕಿನ ಮಾತೂ ಇದೆ. 5 ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ಹೇಳಿದೆ. ಕಾಗದ ಗಟ್ಟಿ ಇದೆ. ಕೇಳುವ ಬಾಯಿ ಇಲ್ಲ.

"ಬಡವರ ಕೂಲಿ ಹೋಗ್ತದ" ಅನ್ನುತ್ತಾರೆ. ಬಡವನ ಸಲಿಕೆಯನ್ನು ಕಸಿದದ್ದೇ ಯಂತ್ರ. "ನಮಗ ಮನಿ ಬ್ಯಾಡೇನು?" ಬೇಕು. ಊರಿನ ಮನೆಗೆ ಬೇಕಾದಷ್ಟನ್ನು ಹಗಲಿನಲ್ಲಿ, ಕೈಯಿಂದ, ಉಸುಕು ಗುಡ್ಡೆಬಿದ್ದ ಕಡೆ ತೆಗೆಯಲಿ. ನಗರಕ್ಕೆ ರಾತ್ರಿ ಲಾರಿ ತುಂಬುವುದನ್ನು ಬಡವರ ಹೆಸರಿಗೆ ಕಟ್ಟಬೇಡಿ.

ಮನೂರಿನವರಿಗೆ ತಾಂಡೂರಿನ ಉಸಾಬರಿ ಯಾಕೆ ಅನ್ನಬೇಡಿ. ನಮ್ಮ ಮಂಜೀರೆಯ ಉಸುಕಿಗೂ ಅದೇ ಲಾರಿ ಬರುತ್ತದೆ. ಮಾಸ್ತರರೇ, ಮಕ್ಕಳನ್ನು ಕರೆದುಕೊಂಡು ತಿಂಗಳಿಗೊಮ್ಮೆ ದಂಡೆಯ ಬಾವಿಗೆ ಹಗ್ಗ ಇಳಿಸಿ, ನೀರು ಎಷ್ಟು ಕೆಳಗಿದೆಯೆಂದು ಶಾಲೆಯ ಗೋಡೆಗೆ ಬರೆಸಿರಿ. ಹಿರಿಯರೇ, ಆ ಲೆಕ್ಕ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ: ಪರವಾನಗಿ ಯಾರದು? ಎಷ್ಟು ಆಳ? ಎಷ್ಟು ಲಾರಿ?

ಇಂದು ಕೇಳದಿದ್ದರೆ ನಾಳೆ ಆ ಹಗ್ಗಕ್ಕೆ ನೀರು ಹತ್ತುವುದಿಲ್ಲ.