ಲೈನ್ ಮನೆಯ ಹುಡುಗಿಗೆ ಗಣಿತ ಯಾಕೆ ಎನ್ನುವವರಿಗೆ

ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ, ಗಣಿ ಕಾರ್ಮಿಕರ ಲೈನ್ ಮನೆಯ ಹುಡುಗಿಯೊಬ್ಬಳು ಬಿಎಸ್ಸಿ ಮುಗಿಸಿ, ‘ಗಣಿತದಲ್ಲಿ ಎಂಎಸ್ಸಿ ಮಾಡ್ತೀನಿ, ಆಮೇಲೆ ಪಿಎಚ್‌ಡಿ ಮಾಡ್ತೀನಿ’ ಅಂದರೆ ಸುತ್ತಲಿದ್ದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಅದರಿಂದ ಏನು ಸಿಗುತ್ತಮ್ಮಾ? ಬಿ.ಎಡ್ ಮಾಡು, ಬ್ಯಾಂಕ್ ಪರೀಕ್ಷೆ ಬರಿ, ಬೆಂಗಳೂರಲ್ಲಿ ಯಾವುದಾದರೂ ಕಂಪನಿ ಸೇರು. ಹೆತ್ತವರು ಹೀಗೆ ಕೇಳಿದರೆ ನನಗೆ ಕೋಪವಿಲ್ಲ. ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವ ಅಪ್ಪನಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ನನ್ನ ಕೋಪ ವೇದಿಕೆ ಹತ್ತಿ ನಮ್ಮ ಪರವಾಗಿ ಮಾತಾಡುವವರ ಮೇಲೆ. ‘ಬಡವರ ಮಕ್ಕಳಿಗೆ ಕೌಶಲ ಬೇಕು, ಹೊಟ್ಟೆ ತುಂಬಿಸುವ ವಿದ್ಯೆ ಬೇಕು’ ಎನ್ನುವವರ ಮೇಲೆ. ನಮ್ಮ ಮಕ್ಕಳು ಎಲ್ಲಿಯವರೆಗೆ ಯೋಚಿಸಬಹುದು ಎಂದು ಗೆರೆ ಎಳೆಯಲು ಇವರು ಯಾರು?

ಉಪಯೋಗದ ಮಾತಾಡುವವರು ನಮ್ಮ ನೆಲದಡಿಯಲ್ಲಿ ಏನು ನಡೆಯಿತೆಂದು ಮೊದಲು ತಿಳಿಯಲಿ. 1950ರ ದಶಕದ ಆರಂಭದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ವಿಶ್ವಕಿರಣಗಳನ್ನು ಅಳೆಯಲು ಕೋಲಾರದ ಚಿನ್ನದ ಗಣಿಗೆ ಇಳಿದರು. 1965ರಲ್ಲಿ ಆ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತು ಹಿಡಿದರು. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದೇ ಕಣದ ಗುರುತು ಸಿಕ್ಕಿತು. ಎರಡೂ ಕಡೆ ಆ ಆಳಕ್ಕೆ ದಾರಿ ಕೊರೆದವರು ಯಾರು? ಅಲ್ಲಿ ವರ್ಣಭೇದದ ಆಳ್ವಿಕೆಯಲ್ಲಿ ನಲುಗುತ್ತಿದ್ದ ಕಪ್ಪು ಜನ. ಇಲ್ಲಿ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ದಲಿತರು. ನ್ಯೂಟ್ರಿನೊ ಹಿಡಿದರೆ ಯಾರ ಹೊಟ್ಟೆ ತುಂಬುತ್ತದೆ ಎಂದು ಆ ವಿಜ್ಞಾನಿಗಳನ್ನು ಒಬ್ಬರೂ ಕೇಳಲಿಲ್ಲ. ಕೇಳಬಾರದು ಕೂಡ. ನಮ್ಮ ಹುಡುಗಿಯನ್ನೂ ಕೇಳಬೇಡಿ ಅನ್ನುತ್ತಿದ್ದೇನೆ, ಅಷ್ಟೆ.

ಅದೇ 1965ರಲ್ಲಿ, ಅದೇ ಟಾಟಾ ಸಂಸ್ಥೆಯಲ್ಲಿದ್ದ ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ ರೀಮನ್ ಮೇಲ್ಮೈಗಳ ಬಗ್ಗೆ ಒಂದು ಪ್ರಮೇಯ ಪ್ರಕಟಿಸಿದರು. ಅಪ್ಪಟ ಶುದ್ಧ ಗಣಿತ. ಭೌತವಿಜ್ಞಾನಿಗಳ ಯೋಚನೆಗೂ ಅದಕ್ಕೂ ನಂಟಿದೆಯೆಂದು ಜಗತ್ತಿಗೆ ತಿಳಿದದ್ದು ವರ್ಷಗಳ ನಂತರ. ನರಸಿಂಹನ್ ಹುಟ್ಟಿದ್ದು ಉತ್ತರ ಆರ್ಕಾಟ್ ಜಿಲ್ಲೆಯ ತಂಡರೈ ಎಂಬ ಹಳ್ಳಿಯಲ್ಲಿ. ನಮ್ಮ ಅಜ್ಜ ಅಜ್ಜಿಯರು ಗಂಟುಮೂಟೆ ಕಟ್ಟಿಕೊಂಡು ಬಂದದ್ದೂ ಅದೇ ಜಿಲ್ಲೆಯಿಂದ. ನರಸಿಂಹನ್ ಅವರ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಆದರೆ ಆ ಮಣ್ಣಿನಿಂದ ಒಬ್ಬರು ಸಂಶೋಧನಾ ಸಂಸ್ಥೆಗೆ ಹೋದರು, ಸಾವಿರಾರು ಜನ ಶಾಫ್ಟಿಗೆ ಇಳಿದರು. ಆ ಸಾವಿರಾರು ತಲೆಗಳಲ್ಲಿ ಒಂದು ಪ್ರಮೇಯವೂ ಇರಲಿಲ್ಲವೆಂದು ನಂಬಲು ನಾನು ತಯಾರಿಲ್ಲ. ಅದನ್ನು ಬರೆಯಲು ಅವರಿಗೆ ಕಾಗದ ಕೊಟ್ಟವರಿಲ್ಲ.

ಯೋಚನೆ ನಮ್ಮವರಿಗೆ ಹೊಸದೇನಲ್ಲ. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು ಕಟ್ಟಿದ ಬೌದ್ಧ ಸಂಘ ಕಳೆದ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫಿನಲ್ಲಿ ಬೇರು ಬಿಟ್ಟಿತ್ತು. ಅವರು 1907ರಲ್ಲಿ ಶುರುಮಾಡಿದ ‘ತಮಿಳನ್’ ಪತ್ರಿಕೆಯನ್ನು ಅವರು ತೀರಿಹೋದ ಮೇಲೆ ಮತ್ತೆ ನಡೆಸಿದ್ದು ಇದೇ ಗಣಿ ಪಟ್ಟಣದ ಜನ. ಶಿಫ್ಟ್ ಮುಗಿಸಿ, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು, ಅವರು ಕೂತು ಚರ್ಚಿಸಿದ್ದು ಧಮ್ಮವನ್ನು, ಆತ್ಮ ಇದೆಯೇ ಇಲ್ಲವೇ ಎಂಬುದನ್ನು. ಕೂಲಿ ಹೆಚ್ಚಿಸಿ ಅಂತಲೂ ಹೋರಾಡಿದರು, ಜಗತ್ತು ಹೇಗಿದೆ ಅಂತಲೂ ಕೇಳಿದರು. ಒಂದು ಮಾಡಿದರೆ ಇನ್ನೊಂದು ಬಿಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ.

ಗಣಿತಕ್ಕೆ ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಗಳನ್ನೆಲ್ಲ ದಶಮಾಂಶದಲ್ಲಿ ಒಂದರ ಕೆಳಗೊಂದು ಪಟ್ಟಿ ಮಾಡಿದ್ದೇನೆ ಅಂತ ಯಾರಾದರೂ ಹೇಳಲಿ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಓರೆಯಾಗಿ ಇಳಿಯುತ್ತ ಒಂದೊಂದನ್ನೂ ಸೊನ್ನೆಯೂ ಒಂಬತ್ತೂ ಅಲ್ಲದ ಬೇರೆ ಅಂಕಿಗೆ ಬದಲಾಯಿಸಿ. ಹಾಗೆ ಸಿಕ್ಕ ಸಂಖ್ಯೆ ಆ ಪಟ್ಟಿಯ ಯಾವ ಸಾಲಿನಲ್ಲೂ ಇರಲಾರದು. ಎಂಥ ಪಟ್ಟಿ ತಂದರೂ ಅಷ್ಟೆ. 1891ರಲ್ಲಿ ಗೇಯಾರ್ಗ್ ಕ್ಯಾಂಟರ್ ತೋರಿಸಿದ್ದು ಇದನ್ನೇ. ಅನಂತಗಳಲ್ಲೂ ಚಿಕ್ಕದು ದೊಡ್ಡದು ಇವೆ ಎಂದು ಇದರಿಂದ ತಿಳಿಯುತ್ತದೆ. ಇದನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದಾಗ ಅರ್ಥವಾದವರ ಕಣ್ಣು ಹೇಗೆ ಅರಳುತ್ತದೆಂದು ನಾನು ನೋಡಿದ್ದೇನೆ. ಅಲ್ಲಿ ಯಾರ ಮಗು ಎಂಬ ಲೆಕ್ಕವೇ ಇಲ್ಲ.

ಹಾಗಾದರೆ ದುಬಾರಿ ಯಾವುದು? ಸಮಯ. ಎಂಎಸ್ಸಿಗೆ ಎರಡು ವರ್ಷ, ಪಿಎಚ್‌ಡಿಗೆ ಐದಾರು ವರ್ಷ. 2001ರಲ್ಲಿ ಗಣಿ ಮುಚ್ಚಿ ಸಾವಿರಾರು ಮನೆಗಳ ಸಂಬಳ ಒಮ್ಮೆಲೇ ನಿಂತುಹೋದ ಊರಿನಲ್ಲಿ ಅಷ್ಟು ವರ್ಷ ಗಳಿಕೆಯಿಲ್ಲದೆ ಕೂರುವುದು ಹೇಗೆ? ಪರೀಕ್ಷೆ ಬರೆದು ಸಂಶೋಧನೆಯ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಇದೆ. ಆದರೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತ ಹುಡುಗಿ ಮೂರನೇ ನುಡಿಯಲ್ಲಿ ಅನಂತವನ್ನು ಯೋಚಿಸಬೇಕು. ಹಿಂದಿಯವರಿಗೆ ಮನೆಮಾತಿನಲ್ಲಿ ಪ್ರಶ್ನೆ ಕೊಡುವ ಸರ್ಕಾರಕ್ಕೆ ಕನ್ನಡ, ತಮಿಳು ಯಾಕೆ ಕಾಣುವುದಿಲ್ಲ? ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಗಣಿತದ ಪದವಿಗೆ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಬದಲಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ನಮ್ಮ ಪಿಯು ಕಾಲೇಜುಗಳಲ್ಲಿ ಈ ವಿಷಯ ಗೊತ್ತಿರುವ ಮಕ್ಕಳು ಎಷ್ಟು ಜನ? ಹೇಳುವವರಾದರೂ ಯಾರು? ಎಂಎಸ್ಸಿ ಮಾಡಿದ ಮೇಷ್ಟ್ರೇ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ದಿಗಿಲಿನಲ್ಲಿ ಪಾಠ ಮಾಡುತ್ತಿದ್ದಾರೆ.

ಇಷ್ಟೆಲ್ಲ ದಾಟಿ ಬಂದವಳ ಎದುರಿಗೆ ಕಾನೂನೇ ಅಡ್ಡ ನಿಲ್ಲುತ್ತದೆ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 7.5, ಹಿಂದುಳಿದವರಿಗೆ ಶೇ 27 ಸೀಟು ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ ನಾಲ್ಕನೇ ಕಲಂ, ಅನುಸೂಚಿಯಲ್ಲಿ ಹೆಸರಿಸಿದ ಕೆಲವು ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಕೈಬಿಡುತ್ತದೆ. ಆ ಅನುಸೂಚಿಯಲ್ಲಿ ಯಾರ್‍ಯಾರಿದ್ದಾರೆ ನೋಡಿ: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ, ಪ್ರಯಾಗ್‌ರಾಜ್‌ನ ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆ. ಈ ದೇಶದಲ್ಲಿ ಶುದ್ಧ ಗಣಿತದ ದೊಡ್ಡ ಮನೆಗಳಲ್ಲಿ ಇವೂ ಸೇರಿವೆ. ನಮ್ಮವರು ಕೊರೆದ ಸುರಂಗದಲ್ಲಿ ಉಪಕರಣ ಇಟ್ಟು ಹೆಸರು ಮಾಡಿದ ಸಂಸ್ಥೆಗೆ, ನಮ್ಮ ಮಕ್ಕಳಿಗಾಗಿ ಒಂದು ಕುರ್ಚಿ ಮೀಸಲಿಡುವ ಬಾಧ್ಯತೆ ಕಾನೂನಿನಲ್ಲಿ ಇಲ್ಲ. ಪ್ರತಿಭೆ ಕೆಡುತ್ತದೆ ಎಂಬ ಭಯವೇ ಇದಕ್ಕೆ ಕಾರಣವಾದರೆ, ಅದು ಜಾತಿಯ ಭಯ. ಬೇರೆ ಹೆಸರಿನಿಂದ ಅದನ್ನು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ.

ಆ ಅನುಸೂಚಿಯನ್ನು ಸಂಸತ್ತು ರದ್ದು ಮಾಡಲಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ತಮಿಳಿನಲ್ಲೂ ಬರಲಿ. ಫೆಲೋಶಿಪ್ ಹಣ ಪ್ರತಿ ತಿಂಗಳೂ ತಪ್ಪದೆ ಖಾತೆಗೆ ಬೀಳಲಿ, ಮನೆಗೆ ಹಣ ಕಳಿಸಬೇಕಾದ ವಿದ್ಯಾರ್ಥಿಗೆ ಮೂರು ತಿಂಗಳು ತಡವೆಂದರೆ ಓದು ಬಿಟ್ಟಂತೆ. ಬೆಂಗಳೂರಿನಲ್ಲಿ ಇಷ್ಟೊಂದು ಗಣಿತಜ್ಞರಿದ್ದಾರೆ, ಇಲ್ಲಿಗೆ ಸುಮಾರು ನೂರು ಕಿಲೋಮೀಟರ್. ಗಣಿಗೆ ಉಪಕರಣ ತರುವಾಗ ವಿಜ್ಞಾನಿಗಳಿಗೆ ದಾರಿ ಗೊತ್ತಿತ್ತು, ಈಗಲೂ ರೈಲು ಬರುತ್ತದೆ. ಉರಿಗಾಂನಲ್ಲಿ ಇಳಿದು, ನಮ್ಮ ಕಾಲೇಜಿನ ಮಕ್ಕಳ ಜೊತೆ ಕೂತು, ವಾರಕ್ಕೊಂದು ದಿನವಾದರೂ ಪಾಠ ಮಾಡಲಿ.